ಕಾಯಿನ್ ಹಾಕಿ, ಕಾಯಿರಿ

(ಹುಲಿಕೆರೆಯ ಹೊಯ್ಸಳ ಕಲ್ಯಾಣಿಯ ಮೆಟ್ಟಿಲು. ಅರಸೀಕೆರೆ ಕಡೆಯಿಂದ ನೆಂಟರ ಮನೆಗೆ ಬಂದ ಅಜ್ಜಿ, ಫೈಲು ಹಿಡಿದ ಸಾಹೇಬರು, ನೀರು ಸಮಿತಿಯ ಒಬ್ಬ ಸದಸ್ಯರು.)

ಸಾಹೇಬರು: ನಿಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಅಜ್ಜೀ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು.

ಅಜ್ಜಿ: ನಿನ್ನ ಮೀಟರಿಗಿಂತ ಮೊದಲೇ ಮೊಮ್ಮಗನ ಹಲ್ಲು ಹೇಳಿತ್ತು ಬಿಡಪ್ಪ. ಕಾಯಿಸಿ ಕುಡೀಲಾ?

ಸಾಹೇಬರು: ಕಾಯಿಸಿದ್ರೆ ನೀರು ಆವಿಯಾಗುತ್ತೆ, ಫ್ಲೋರೈಡ್ ಪಾತ್ರೇಲೇ ಕೂರುತ್ತೆ.

ಅಜ್ಜಿ: ನಿಮ್ಮ ಸಮಿತಿ ಇದ್ದಂಗೆ. ಎಷ್ಟು ಬಿಸಿ ಮುಟ್ಟಿಸಿದ್ರೂ ಕೂತಲ್ಲೇ.

ಸದಸ್ಯರು: ಅದಕ್ಕೇ ಆರ್‌ಒ ಘಟಕ ಹಾಕಿಸಿದ್ದು! ಕಾಯಿನ್ ಹಾಕಿ, 20 ಲೀಟರ್ ಹಿಡೀರಿ. ಟೇಪು ಕತ್ತರಿಸಿದ ಫೋಟೋ ಇದೆ, ನೋಡಿ.

ಅಜ್ಜಿ: ಫೋಟೋ ಚೆನ್ನಾಗೈತೆ. ಮೆಂಬ್ರೇನ್ ಹೋಗೈತೆ. ಬದಲಾಯಿಸೋರ್ಯಾರು?

ಸಾಹೇಬರು: ಕಟ್ಟೋಕೆ ಅನುದಾನ ಉಂಟು. ನಿರ್ವಹಣೆ ಬೇರೆ ಫೈಲು, ಬೇರೆ ಟೇಬಲ್ಲು.

ಅಜ್ಜಿ: ಘಟಕದ ಹಿಂದಿನ ಪೈಪಿಂದ ಚರಂಡಿಗೆ ಬಿಡೋ ನೀರಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿಯಂತೆ. ಅದು ಮತ್ತೆ ನೆಲಕ್ಕಿಳಿಯಲ್ವಾ?

ಸಾಹೇಬರು: (ಹಿಗ್ಗಿ) ಅಂತರ್ಜಲ ಮರುಪೂರಣ ಅಂತ ತೋರಿಸಬಹುದಲ್ಲ!

ಸದಸ್ಯರು: ಎತ್ತಿನಹೊಳೆ ನೀರು ಬರೋವರೆಗೆ ಸುಧಾರಿಸಿಕೊಳ್ಳಿ. 23,251 ಕೋಟಿ ಯೋಜನೆ. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆಯೂ ಆಯ್ತು.

ಅಜ್ಜಿ: ಆ ಕೋಟಿಗಳ ಚಿಲ್ಲರೆಯಲ್ಲಿ ನಮ್ಮ ಮೆಂಬ್ರೇನ್ ಬರಲ್ವಾ?

ಸಾಹೇಬರು: (ಕೇಳಿಸದವರಂತೆ ಕಲ್ಯಾಣಿ ನೋಡುತ್ತ) ಹಳಬರು ನಿರ್ವಹಣೆಗೆ ಏನು ಮಾಡ್ತಿದ್ರೋ?

ಅಜ್ಜಿ: ಕೆರೆ ದುರಸ್ತಿಗೆ ಅಂತ್ಲೇ ಗದ್ದೆ ಬಿಡ್ತಿದ್ರು. ಕಟ್ಟುಗೊಡಗೆ. ಶಾಸನಗಳಲ್ಲೇ ಐತೆ.

ಸಾಹೇಬರು: ಒಳ್ಳೇ ಮಾದರಿ! ಇವತ್ತೇ ಪ್ರಸ್ತಾವನೆ ಬರೀತೀನಿ.

ಸದಸ್ಯರು: ಅದಿರಲಿ, ಆ ಗದ್ದೆ ಯಾವ ಸರ್ವೆ ನಂಬರು?