ಹುಳುಕಿಲ್ಲದ ಹಲ್ಲಿನ ಹುಳುಕು

ಹುಳುಕು ಹಲ್ಲಿನ ನೋವಿಗೆ ಒಂದು ಮರ್ಯಾದೆ ಇದೆ. ಎಕ್ಸ್-ರೇಯಲ್ಲಿ ಕಪ್ಪಗೆ ಕಾಣುತ್ತದೆ, ಡಾಕ್ಟರು ‘ರೂಟ್ ಕೆನಾಲ್’ ಅನ್ನುತ್ತಾರೆ, ಮನೆಯವರು ಮರುಕದಿಂದ ಗಂಜಿ ಕೊಡುತ್ತಾರೆ. ನನ್ನ ನೋವಿಗೆ ಆ ಯೋಗವಿಲ್ಲ. ಡಾಕ್ಟರು ಕುಟ್ಟಿ ನೋಡಿದರು, ತಣ್ಣನೆ ಗಾಳಿ ಊದಿದರು, ಕೊನೆಗೆ “ಹಲ್ಲು ಚೆನ್ನಾಗೇ ಇದೆಯಲ್ರೀ” ಎಂದರು. ಅಂದರೆ ಕೆಟ್ಟಿರುವುದು ನಾನು!

ತಪ್ಪು ನರದ್ದೂ ಇರಬಹುದಂತೆ. ಮುಖದ ಸಂವೇದನೆ ಹೊರುವ ಟ್ರೈಜೆಮಿನಲ್ ನರಕ್ಕೆ 3 ಕವಲು. ಹಲ್ಲು, ದವಡೆ, ಸೈನಸ್ಸು ಎಲ್ಲದರ ದೂರೂ ಅದರ ಮೂಲಕವೇ ಮಿದುಳಿಗೆ ಹೋಗಬೇಕು. ಯಾರು ಅತ್ತದ್ದೆಂದು ಮಿದುಳಿಗೇ ಗೊಂದಲ. ಮೇಲ್ದವಡೆಯ ಹಿಂದಿನ ಹಲ್ಲುಗಳ ಬೇರು ಸೈನಸ್ಸಿನ ಪಕ್ಕದಲ್ಲೇ ಇರುವುದರಿಂದ ನೆಗಡಿಯೂ ಹಲ್ಲುನೋವಾಗಿ ಬರಬಹುದು. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೂ ಹೀಗಾಗುತ್ತದೆ ಎಂದೆ. “ನೀವು ಕಡಿಯೋ ಸದ್ದಿಗೆ ಇಲಿ ಬಂತು ಅಂತ ಬೋನಿಟ್ಟಿದ್ದೆ” ಎಂದಳು ಹೆಂಡತಿ.

ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಮೊಬೈಲು ಕೈಗೆ ಬಂತೋ, ಕೆಟ್ಟೆ. ಹೃದಯಾಘಾತದಲ್ಲಿ ದವಡೆಯೂ ನೋಯಬಹುದು ಎಂದು ಓದಿದ ಕ್ಷಣವೇ ಎಡಗೈ ಜೋಮು ಹಿಡಿಯಿತು. ಅದರ ಮೇಲೆ ನಾನೇ ಮಲಗಿದ್ದೆ ಅನ್ನುವುದು ಆಮೇಲೆ ಗೊತ್ತಾಯಿತು. ಆತಂಕಕ್ಕೆ ದವಡೆ ಬಿಗಿಯುತ್ತದೆ, ಬಿಗಿದಷ್ಟೂ ನೋವು, ನೋವಿಗೆ ಮತ್ತೆ ಆತಂಕ.

ಅತ್ತೆಯವರು ಲವಂಗ ತಂದರು. ಅದರಲ್ಲಿರುವ ಯೂಜೆನಾಲ್ ನೋವನ್ನು ಮರಗಟ್ಟಿಸುತ್ತದೆ, ನಿಜ.

“ಯಾವ ಹಲ್ಲಿಗೆ ಇಡಲಿ, ಅತ್ತೆ?”

“ಮೊದಲು ನಾಲಿಗೆ ಮೇಲಿಟ್ಟುಕೊಳ್ಳಿ. ಮಾತಾದರೂ ನಿಲ್ಲಲಿ.”