ಭಾಗಾಕಾರ ಕಲಿತ ಮಗಳು

ನಾಲ್ಕನೆತ್ತೆ ಕಲಿಯುವ ಮಗು ಇರುವ ಮನೆಯಲ್ಲಿ ದೊಡ್ಡವರಿಗೆ ದಿನಾ ಸಂಜೆ ತೋಂಡಿ ಪರೀಕ್ಷೆ. ಮೂರನೆತ್ತೆವರೆಗೆ ಈ ಕಾಟ ಇರಲಿಲ್ಲ. ಸರಕಾರಿ ಕನ್ನಡ ಸಾಲೆಯಲ್ಲಿ ಅಲ್ಲಿಯ ತನಕ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಹುಡುಗರು ಗುಂಪಾಗಿ ಕೂತು, ಕಾರ್ಡು ಹಿಡಿದು, ಕಲಿಕೆಯ ಏಣಿಯ ಮೆಟ್ಟಿಲು ಹತ್ತುತ್ತ ತಮ್ಮ ಪಾಡಿಗೆ ತಾವಿರುತ್ತಾರೆ. ನಾಲ್ಕಕ್ಕೆ ಬಂದರೋ, ಏಣಿ ಹೋಯಿತು, ಪುಸ್ತಕ ಬಂತು. ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ. ಪಾಠ ಮುಗಿದಲ್ಲೆಲ್ಲ ಮನೆಯ ಹಿರಿಯರನ್ನು ಕೇಳಿ ಬರೆಯುವ ಕೆಲಸ. ನಮ್ಮ ಮನೆಯಲ್ಲಿ ಆ ಹಿರಿಯ ನಾನು.

ಕನ್ನಡದಿಂದ ಹೆಚ್ಚು ತೊಂದರೆಯಿಲ್ಲ. ರಜೆಯ ಅರ್ಜಿ ಬರೆಯಲು ಮಗಳಿಗೆ ನನ್ನ ಸಹಾಯವೇ ಬೇಡ. ಕಾರಣಗಳ ದಾಸ್ತಾನು ಆಕೆಯಲ್ಲೇ ಹೆಚ್ಚಿದೆ. ವಿರುದ್ಧ ಪದಗಳಲ್ಲೂ ಗಟ್ಟಿ. ಹಗಲು-ರಾತ್ರಿ, ಸಿಹಿ-ಕಹಿ ಎಂದು ಸರಾಗವಾಗಿ ಒಪ್ಪಿಸುತ್ತಿದ್ದವಳಿಗೆ ಒಮ್ಮೆ ಚೇಷ್ಟೆಗೆ 'ಧಾರವಾಡ' ಎಂದೆ. ಅರೆಕ್ಷಣವೂ ತಡೆಯದೆ 'ಹುಬ್ಬಳ್ಳಿ' ಎಂದಳು. ತಪ್ಪೆಂದು ಹೇಗೆ ಹೇಳಲಿ? 1962ರಲ್ಲಿ ಎರಡೂ ಊರು ಸೇರಿಸಿ ಒಂದು ಮಹಾನಗರಪಾಲಿಕೆ ಮಾಡಿದರು. ನಡುವೆ ಇಪ್ಪತ್ತು ಕಿಲೋಮೀಟರ್ ರಸ್ತೆ, ಅದರಲ್ಲಿ ಈಗ ತ್ವರಿತ ಸಾರಿಗೆಯ ಚಿಗರಿ ಬಸ್ಸಿಗೇ ಬೇರೆ ದಾರಿ. ಇಷ್ಟಾದರೂ ಧಾರವಾಡದವರ ಪಾಲಿಗೆ ಹುಬ್ಬಳ್ಳಿಯೆಂದರೆ ಬರೇ ವ್ಯಾಪಾರ, ಹುಬ್ಬಳ್ಳಿಯವರ ಪಾಲಿಗೆ ಧಾರವಾಡವೆಂದರೆ ಬರೇ ಭಾಷಣ. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ಸಚಿವ ಸಂಪುಟ ಒಪ್ಪಿತು. ಮಗಳಿಗೆ ಅಚ್ಚರಿಯೇ ಇಲ್ಲ. 'ಕೂಡಸೋದು ಎರಡನೆತ್ತ್ಯಾಗ ಮುಗೀತಪಾ, ಈಗ ಭಾಗಾಕಾರ ನಡದೈತಿ' ಎಂದಳು.

ಆ ಮಾತು ಕೇಳಿದ ಮೇಲೆ ನನಗೆ ಎಲ್ಲೆಲ್ಲೂ ಭಾಗಾಕಾರವೇ ಕಾಣತೊಡಗಿತು. ನಾನು ನಾಲ್ಕನೆತ್ತೆಯಲ್ಲಿದ್ದಾಗ ಧಾರವಾಡ ಜಿಲ್ಲೆಯ ನಕ್ಷೆ ಬರೆಯಲು ಪಾಟಿ ಸಾಲುತ್ತಿರಲಿಲ್ಲ. ಮೇಲೆ ನರಗುಂದ, ಕೆಳಗೆ ರಾಣೆಬೆನ್ನೂರು, ಎಲ್ಲ ಸೇರಿ ಹದಿನೇಳು ತಾಲ್ಲೂಕು. ಒಪ್ಪಿಸುವಾಗ ಕುಂದಗೋಳ ಬಿಟ್ಟುಹೋದರೆ ಅಂಗೈಗೆ ಛಡಿ. 1997ರಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆಗಳಾಗಿ ಹೋದವು. ಛಡಿ ತಿಂದು ಕಲಿತ ಮುಕ್ಕಾಲು ಪಾಲು ತಾಲ್ಲೂಕುಗಳು ನೆರೆಯವರ ಪಾಲಾದವು. ಏಟು ಮಾತ್ರ ನನ್ನಲ್ಲೇ ಉಳಿದವು. ರಾಜ್ಯಕ್ಕೆ ಆಗ ಹತ್ತೊಂಬತ್ತು-ಇಪ್ಪತ್ತು ಜಿಲ್ಲೆ, ಮಗಳ ಪುಸ್ತಕದಲ್ಲಿ 31. ಗ್ರಹಗಳಾದರೂ 2006ರಲ್ಲಿ ಒಂಬತ್ತಿದ್ದದ್ದು ಎಂಟಾದವು. ಮಕ್ಕಳ ಹೊರೆ ಇಳಿಸಬೇಕೆಂಬ ಕನಿಕರ ಖಗೋಳ ವಿಜ್ಞಾನಿಗಳಿಗಿದೆ, ಕಂದಾಯ ಇಲಾಖೆಗಿಲ್ಲ.

ಪರಿಸರ ಅಧ್ಯಯನದಲ್ಲಿ ನಕ್ಷೆ, ದಿಕ್ಕು ಬರುತ್ತವೆ. ನಕ್ಷೆಯ ಮೇಲ್ತುದಿ ಉತ್ತರ ಎಂದು ಪುಸ್ತಕ ಹೇಳುತ್ತದೆ. ಹುಬ್ಬಳ್ಳಿಯಲ್ಲಿ ಆ ಲೆಕ್ಕ ನಡೆಯದು. ಇಲ್ಲಿ ಎಲ್ಲ ದಿಕ್ಕೂ ಹುಟ್ಟುವುದು ಚೆನ್ನಮ್ಮ ಸರ್ಕಲ್ಲಿನಲ್ಲಿ, ರಾಣಿಯ ಪ್ರತಿಮೆಯ ಕುದುರೆ ಕಾಲಬುಡದಲ್ಲಿ. ಅಲ್ಲಿಂದ ಮುಂದೆ 'ಸೀದಾ ಹೋಗ್ರಿ, ಯಾರನರ ಕೇಳ್ರಿ'.

ನೀರಿನ ಪಾಠ ಮಾತ್ರ ನಿಜಕ್ಕೂ ರಂಗೇರಿತು. 'ನಮ್ಮ ನೀರಿನ ಮೂಲ ಯಾವುದು?'

'ನಳ.'

'ನಳಕ್ಕ ಎಲ್ಲಿಂದ ಬರತೈತಿ?'

ಸವದತ್ತಿಯ ಹತ್ತಿರದ ಮಲಪ್ರಭಾ ಅಣೆಕಟ್ಟು, ನೀರಸಾಗರ ಜಲಾಶಯ ಎಂದೆಲ್ಲ ಬಿಡಿಸಿ ಹೇಳಿದೆ. ಹುರುಪು ಹತ್ತಿ, ಧಾರವಾಡ ಕೂತಿರುವ ದಿಬ್ಬದ ಮಹಿಮೆಯನ್ನೂ ಸೇರಿಸಿದೆ: ಒಂದು ಮಗ್ಗುಲಿಗೆ ಬಿದ್ದ ಮಳೆ ಶಾಲ್ಮಲೆ, ಬೇಡ್ತಿ ಹಿಡಿದು ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಮಗ್ಗುಲಿನದು ಮಲಪ್ರಭೆ, ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ. ಮಗಳು ತುಸು ಯೋಚಿಸಿ, 'ಅಂದ್ರ ಮಳೀನೂ ಭಾಗಾಕಾರ. ಎರಡೂ ಸಮುದ್ರಕ್ಕ ಹೋಗಿ ಶೇಷ ಉಳದದ್ದು ನಮ್ಮ ನಳಕ್ಕ' ಎಂದಳು. ನೀರು ಬಿಡುವ ದಿನಕ್ಕಾಗಿ ಕೊಡ ಸಾಲು ಹಚ್ಚುತ್ತಿದ್ದ ನನ್ನ ಅವ್ವ, 'ಕೂಸು ಶ್ಯಾಣೆ ಐತಿ' ಎಂದು ದೃಷ್ಟಿ ತೆಗೆದಳು.

ಗಣಿತದಲ್ಲಿ ಉದ್ದದ ಅಳತೆ ಬಂದಾಗ ನಾನೂ ಒಂದು ಲೆಕ್ಕ ಹಾಕಿಕೊಟ್ಟೆ. ಹುಬ್ಬಳ್ಳಿಯ ಸಿದ್ಧಾರೂಢಸ್ವಾಮಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮು 1507 ಮೀಟರ್. ಜಗತ್ತಿನಲ್ಲೇ ಉದ್ದದ್ದೆಂದು 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಒಂದು ಡಬ್ಬಿ ಸುಮಾರು 24 ಮೀಟರ್. ಹಾಗಾದರೆ ಎಷ್ಟು ಡಬ್ಬಿ ಹಿಡಿಸುತ್ತವೆ? ನಾಲಗೆ ಕಚ್ಚಿಕೊಂಡು ಭಾಗಿಸಿದಳು: 62 ಡಬ್ಬಿ, ಶೇಷ 19 ಮೀಟರ್. ಸರಿಯಾಗಿತ್ತು. ನಾನು ಟ್ರಂಕು ಹಿಡಿದು ಕಾಯುವುದು ಯಾವಾಗಲೂ ಆ 19 ಮೀಟರಿನಲ್ಲೇ.

ವಿಸ್ತೀರ್ಣಕ್ಕೆ ಹುಬ್ಬಳ್ಳಿಯ ಬೆಂಗೇರಿ ಒದಗಿತು. ದೇಶದ ಖಾದಿ ಬಾವುಟ ಹೊಲಿಯುವ ಕೇಂದ್ರ ನಮ್ಮಲ್ಲೇ ಇರುವಾಗ ಬೇರೆ ಉದಾಹರಣೆ ಯಾಕೆ? ಬಾವುಟದ ಉದ್ದ ಅಗಲ 3ಕ್ಕೆ 2. ಎಲ್ಲಕ್ಕೂ ದೊಡ್ಡದು 21 ಅಡಿಗೆ 14 ಅಡಿ. ಗುಣಿಸಿ 294 ಚದರಡಿ ತೆಗೆದವಳು ಎದ್ದು ನಮ್ಮ ಪಡಸಾಲೆಯನ್ನು ಹೆಜ್ಜೆ ಹಾಕಿ ಅಳೆದಳು. 'ಪಪ್ಪಾ, ಬಾವುಟ ನಮ್ಮ ಮನ್ಯಾಗ ಹಿಡಸೂದಿಲ್ಲ.' ಮನೆಸಾಲದ ಕಂತನ್ನು ಭಾಗಿಸುವ ಲೆಕ್ಕ ಪಠ್ಯದಲ್ಲಿ ಇಲ್ಲದಿರುವುದೇ ಪುಣ್ಯ.

ಅವ್ವ ಸಾಲೆ ಬಿಟ್ಟದ್ದೇ ನಾಲ್ಕನೆತ್ತೆಗೆ. ಆದರೆ ಪಾವಕಿ, ನಿಮಕಿ, ಸವಾಯಕಿ, ದೀಡಕಿ ಎಂಬ ಕಾಲು-ಅರೆಯ ಮಗ್ಗಿಗಳು ಇನ್ನೂ ಬಾಯಲ್ಲಿವೆ. ಕಾಯಿಪಲ್ಲೆಯವನು ತನ್ನ ಮೊಬೈಲು ಹೊರತೆಗೆಯುವಷ್ಟರಲ್ಲಿ ಆಕೆ ಚಿಲ್ಲರೆ ಎಣಿಸಿ ಮುಗಿಸಿರುತ್ತಾಳೆ. ಈ ಅವಳಿ ಊರುಗಳಲ್ಲಿ ಲೆಕ್ಕದ ಹುಚ್ಚು ಕವಿಗಳನ್ನೂ ಬಿಟ್ಟಿಲ್ಲ; ಧಾರವಾಡದ ಸಾಧನಕೇರಿಯಲ್ಲಿ ಬೇಂದ್ರೆಯವರು 441 ಎಂಬ ಸಂಖ್ಯೆಯ ಬೆನ್ನು ಹತ್ತಿದ್ದರು.

ಮೊನ್ನೆ ಧಾರವಾಡದ ಲೈನ್ ಬಜಾರಿನಿಂದ ಪೇಢೆ ತಂದೆ. ಭೌಗೋಳಿಕ ಸೂಚಿಕೆ ಪಡೆದ ಪೇಢೆಯನ್ನು ಹಂಚಲು ಮಗಳು ವಹಿ ಪೆನ್ಸಿಲ್ಲು ಹಿಡಿದೇ ಕೂತಳು. 17 ಪೇಢೆ, ಐದು ಮಂದಿ. ತಲೆಗೆ ಮೂರು, ಶೇಷ ಎರಡು. ಶೇಷ ಯಾರಿಗೆಂದು ವಾದ ಶುರುವಾಯಿತು. ದೇವರಿಗೆ ಒಂದು, ತಂದವನಿಗೆ ಒಂದು ಎಂದು ಅವ್ವ ತೀರ್ಪು ಕೊಟ್ಟು ಒಳಗೆ ಹೋದಳು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಡಬ್ಬಿ ಖಾಲಿ.

'ಎಲ್ಲಿ ಹೋದುವು ಎರಡು?'

'ಶೇಷ ಸೊನ್ನಿ ಬಂದ್ರ ಭಾಗಾಕಾರ ಪೂರ್ತಿ ಆತು ಅಂತ ಅಕ್ಕೋರು ಹೇಳ್ಯಾರ' ಎಂದಳು, ತುಟಿ ಒರೆಸಿಕೊಳ್ಳುತ್ತ.