ಮುಯ್ಯಿಯ ಮಹಿಮೆ

ಹೊಸಕೋಟೆ ತಾಲ್ಲೂಕಿನ ಹೋಬಳಿಗಳಲ್ಲೊಂದಾದ ಜಡಿಗೇನಹಳ್ಳಿಯ ಕಡೆ ಮದುವೆಯೆಂದರೆ, ಧಾರೆ ಮುಗಿಯುವುದಕ್ಕೆ ಮೊದಲೇ ಛತ್ರದ ಮೂಲೆಯಲ್ಲಿ ಲೇಖನಿಯನ್ನೂ ಉದ್ದನೆಯ ಪುಸ್ತಕವನ್ನೂ ಹಿಡಿದು ಆಸೀನರಾಗುವ ಮುಯ್ಯಿ ಬರೆಯುವವರ ಗಾಂಭೀರ್ಯವನ್ನು ಸಾಕ್ಷಾತ್ ಚಿತ್ರಗುಪ್ತನೂ ಅಸೂಯೆಯಿಂದ ನೋಡಬೇಕು. ಇಂಥವರಿಂದ 501 ರೂಪಾಯಿ ಬಂದಿತೆಂದು ದಾಖಲಾದೊಡನೆ, ಅವರ ಮನೆಯ ಮುಂದಿನ ಶುಭಕಾರ್ಯಕ್ಕೆ ಅಷ್ಟನ್ನಾದರೂ ಹಿಂದಿರುಗಿಸುವ ಋಣವು ವಂಶಪಾರಂಪರ್ಯವಾಗಿ ಸಂಕ್ರಮಿಸುತ್ತದೆ. ಆ ಮೇಲಣ ಒಂದು ರೂಪಾಯಿಯ ನಾಣ್ಯವನ್ನು ಲಕೋಟೆಯ ನೆತ್ತಿಗೆ ಮೊದಲೇ ಅಂಟಿಸಿ ಮಾರುತ್ತಿರುವುದು ನಮ್ಮ ಮರೆವಿನಲ್ಲಿ ವರ್ತಕರಿಗಿರುವ ದೃಢವಿಶ್ವಾಸಕ್ಕೆ ನಿದರ್ಶನ.

ವಸ್ತುರೂಪದ ಉಡುಗೊರೆಯ ಗತಿಯೇ ಬೇರೆ. ಮಿರುಗುವ ಕಾಗದವನ್ನು ಎಷ್ಟೇ ನಾಜೂಕಾಗಿ ಸುತ್ತಿದರೂ, ಚಚ್ಚೌಕದ ಪೆಟ್ಟಿಗೆ ಕಂಡೊಡನೆಯೇ ವಧುವಿನ ಸೋದರತ್ತೆ, “ಇದೂ ಗೋಡೆ ಗಡಿಯಾರವೇ ಕಣೇ!” ಎಂದು ತೀರ್ಪಿತ್ತುಬಿಡುತ್ತಾರೆ.

ವಸ್ತ್ರದಲ್ಲಿ ಗಂಟುಕಟ್ಟಿ ಕೊಡುವ ಜಪಾನೀಯರ ಫುರೊಶಿಕಿಯನ್ನು ಈಚೆಗೆ ಹಾಡಿಹೊಗಳುವವರು ನಮ್ಮ ರವಿಕೆ ಕಣವನ್ನು ಮರೆತಂತಿದೆ. ಹಾಲೆ ಮರದಲ್ಲಿ ಕಡೆದು ಅರಗಿನ ಬಣ್ಣವೇರಿಸಿದ ಚನ್ನಪಟ್ಟಣದ ಗೊಂಬೆಯೊಂದನ್ನು ಹಸಿರು ಕಣದಲ್ಲಿ ಸುತ್ತಿ, ಮೇಲೆ ಮಲ್ಲಿಗೆಯ ಎಳೆಯೊಂದನ್ನು ಬಿಗಿದು ಕೊಟ್ಟರೆ, ಮಗುವಿಗೆ ಗೊಂಬೆ, ತಾಯಿಗೆ ಕಣ, ಕಸದ ಬುಟ್ಟಿಗೆ ಶೂನ್ಯ. ಆ ಕಣವು ಹೊಲಿಗೆಯ ಭಾಗ್ಯವನ್ನು ಕಾಣುವುದೆಂದು ಮಾತ್ರ ಯಾರೂ ಭ್ರಮಿಸಲಾಗದು. ಅರಿಶಿನ ಕುಂಕುಮದೊಡನೆ ಮನೆಯಿಂದ ಮನೆಗೆ ಸಂಚರಿಸುತ್ತ, ಮುಂದಿನ ಗೌರಿಹಬ್ಬದ ವೇಳೆಗೆ ಅದು ಕೊಟ್ಟವರ ಬಾಗಿನದ ಮೊರಕ್ಕೇ ಬಂದು ಸೇರಿದರೆ, ಗೊಂಬೆಯ ತಲೆ ಒತ್ತಿದ್ದ ದುಂಡನೆಯ ಸುಕ್ಕಿನಿಂದ ಗುರುತು ಹಿಡಿಯಬಹುದು.